ಮನೆಬಳಕೆಯ ಮಸಾಲೆಖಾರ ಮತ್ತು ಚಟ್ನಿಪುಡಿಗಳು

ಹಾನಗಲ್ಲ, ಶಿಗ್ಗಾಂವಿ, ಸವಣೂರು ಮತ್ತು ಹಿರೇಕೆರೂರು ತಾಲೂಕುಗಳ ಯಾವ ಹಳ್ಳಿಯಿಂದ ಹೊರಟರೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯನ್ನು ಕಂಡು ಅದೇ ದಿನ ಸಂಜೆಗೆ ಮನೆ ಸೇರಬಹುದು. ಬಣ್ಣಕ್ಕೆ ಹೆಸರಾದ ಈ ಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯು ದೊರೆಯಿತು. ಅದರಿಂದ ತೆಗೆದ ಕೆಂಪು ಸತ್ವವು ಪರದೇಶಗಳ ತಿನಿಸುಗಳಿಗೂ, ತುಟಿಗೆ ಹಚ್ಚುವ ಬಣ್ಣಕ್ಕೂ ಬಳಕೆಯಾಗುತ್ತದೆ. ಇಂಥ ಪೇಟೆಯ ಮಗ್ಗುಲಲ್ಲಿರುವ ಒಕ್ಕಲು ಮನೆಗಳಲ್ಲಿ ನಿತ್ಯದ ಅಡಿಗೆಗೆ ಬೀಳುವ ಖಾರವು ಎಂಥದೆಂದು ವಿಚಾರಿಸಿದರೆ, ಅನೇಕ ಕಡೆಗಳಲ್ಲಿ ಸಮಾಧಾನಕರವಾದ ಉತ್ತರವು ಸಿಕ್ಕಲಾರದು. ಕಣದಲ್ಲಿ ಕಾಯಿ ಆರಿಸುವಾಗ ಕೆಂಪಗಿನ ಗಟ್ಟಿ ಕಾಯಿಯು ಚೀಲ ಸೇರುತ್ತದೆ. ಬಣ್ಣಗೆಟ್ಟ ಬಿಳಿಗಾಯಿ, ಮುರುಕು, ಮಳೆಗೋ ಇಬ್ಬನಿಗೋ ಸಿಕ್ಕು ಮೆತ್ತಗಾದುದು, ಇವೆಲ್ಲ “ಮನೆಖರ್ಚಿಗಾಯಿತು” ಎಂಬ ಮಾತಿನೊಡನೆ ಒಳಗೆ ಬರುತ್ತವೆ. ಶೇಂಗಾದ ಗತಿಯೂ ಇದೇ. ದಪ್ಪ ಬೀಜವು ಪೇಟೆಗೆ, ಚುಳ್ಳು ಬೀಜವು ಚಟ್ನಿಗೆ.

ಖಾರ ಕುಟ್ಟುವುದೂ ಚಟ್ನಿಪುಡಿ ಮಾಡುವುದೂ ಹೆಣ್ಣುಮಕ್ಕಳ ಕೆಲಸ, ಅದರ ವಿಚಾರವು ಬೇಸಾಯದ ಪತ್ರಿಕೆಗೆ ಏತಕ್ಕೆ, ಎಂದು ಕೆಲವರು ಕೇಳಬಹುದು. ಕುಟ್ಟುವ ಕೈ ಗೃಹಿಣಿಯದಾದರೂ, ಕುಟ್ಟಬೇಕಾದ ಕಾಯಿಯನ್ನು ಗೊತ್ತುಮಾಡುವವನು ಹೊಲದ ಒಡೆಯನು. ಕೆಟ್ಟ ಕಾಯಿಯನ್ನು ಕೊಟ್ಟು ಒಳ್ಳೆಯ ಖಾರವನ್ನು ಬೇಡುವುದು ನ್ಯಾಯವಲ್ಲ. ಮೇಲಾಗಿ ಇದು ಬರಿಯ ರುಚಿಯ ಪ್ರಶ್ನೆಯೂ ಅಲ್ಲ. ಮನೆಯವರ, ವಿಶೇಷವಾಗಿ ಮಕ್ಕಳ, ಆರೋಗ್ಯಕ್ಕೆ ತಟ್ಟುವ ಸಂಗತಿಯು ಇದರಲ್ಲಿದೆ.

1960ನೆಯ ಇಸವಿಯಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಟರ್ಕಿ ಕೋಳಿಮರಿಗಳು ಒಮ್ಮೆಲೇ ಸತ್ತವು. ಕಾರಣವನ್ನು ಶೋಧಿಸಲಾಗಿ, ಅವುಗಳಿಗೆ ತಿನ್ನಿಸಿದ ಬ್ರೆಝಿಲ್ ದೇಶದ ಶೇಂಗಾ ಹಿಂಡಿಯಲ್ಲಿ ಒಂದು ಬಗೆಯ ಬೂಷ್ಟು ಬೆಳೆದಿತ್ತೆಂದೂ, ಆ ಬೂಷ್ಟು ಹುಟ್ಟಿಸಿದ ವಿಷವೇ ಮರಿಗಳನ್ನು ಕೊಂದಿತೆಂದೂ ತಿಳಿದುಬಂದಿತು. ಈ ವಿಷಕ್ಕೆ ಅಫ್ಲಾಟಾಕ್ಸಿನ್ ಎಂದು ಹೆಸರಿಟ್ಟರು. ಅದು ಪಿತ್ತಕೋಶವಿರುವ ಯಕೃತ್ತನ್ನು ಕೆಡಿಸುತ್ತದೆ. ಬಹುಕಾಲ ಸ್ವಲ್ಪ ಸ್ವಲ್ಪವಾಗಿ ಹೊಟ್ಟೆಗೆ ಹೋದರೆ ಯಕೃತ್ತಿನ ಅರ್ಬುದ ರೋಗಕ್ಕೆ ಕಾರಣವಾಗುತ್ತದೆ. ಶೇಂಗಾ, ಗೋವಿನಜೋಳ, ಮೆಣಸಿನಕಾಯಿ ಈ ಮೂರೂ ಆ ಬೂಷ್ಟಿಗೆ ಪ್ರಿಯವಾದ ಆಶ್ರಯಗಳು, ಮೂರೂ ಈ ನಾಲ್ಕು ತಾಲೂಕುಗಳ ಮನೆಗಳಲ್ಲಿ ಇರತಕ್ಕವೇ. ಹುರಿದರೆ ವಿಷವು ಹೋದೀತೆಂದು ನಂಬುವುದು ತಪ್ಪು. ಒಲೆಯ ಕಾವಿಗೆ ಅದು ಅಷ್ಟಿಷ್ಟು ತಗ್ಗೀತೇ ಹೊರತು ಪೂರ್ತಿ ನಾಶವಾಗದು. ಪುಡಿಯಾದ ಮೇಲೆ ಕಣ್ಣಿಗೆ ಕಾಣದು, ನಾಲಗೆಗೂ ತಿಳಿಯದು. ಯುರೋಪಿನ ಒಕ್ಕೂಟದವರು ಒಂದು ಕಿಲೋಗ್ರಾಂ ಮೆಣಸಿನಕಾಯಿಯಲ್ಲಿ ಈ ವಿಷದ ಬಿ-1 ಎಂಬ ಬಗೆಯು 5 ಮೈಕ್ರೋಗ್ರಾಮಿಗಿಂತ ಹೆಚ್ಚಿರಕೂಡದೆಂದು ಕಟ್ಟುಮಾಡಿದ್ದಾರೆ. ಒಂದು ಗ್ರಾಮಿನ ಹತ್ತು ಲಕ್ಷದ ಒಂದು ಭಾಗವೇ ಮೈಕ್ರೋಗ್ರಾಮೆಂದು ಗಮನಿಸಿದರೆ ಈ ಕಟ್ಟಳೆಯ ಬಿಗಿಯು ಅರ್ಥವಾದೀತು. ಪರದೇಶದವನು ಬೇಡವೆಂದು ಬದಿಗಿರಿಸಿದ ಕಾಯಿಯನ್ನು ಬೆಳೆದವನ ಮಕ್ಕಳು ಉಣ್ಣುವುದು ಯಾವ ಲೆಕ್ಕದಿಂದಲೂ ಲಾಭದ ಮಾತಲ್ಲ.

ಎಂಟು ಹತ್ತು ಜನರಿರುವ ಮನೆಗೆ ವರ್ಷಕ್ಕೆ ಸುಮಾರು ಹತ್ತು ಕಿಲೋ ಒಣಕಾಯಿ ಸಾಕು. ಕ್ವಿಂಟಲುಗಟ್ಟಲೆ ಮಾರುವವನಿಗೆ ಇದು ಎಷ್ಟರ ಹಾನಿ? ಆದುದರಿಂದ ಮಾರುವ ಕಾಯಿಯನ್ನು ಆರಿಸುವ ಮೊದಲೇ ಮನೆಯ ಹತ್ತು ಕಿಲೋವನ್ನು ಬೇರೆ ತೆಗೆದಿಡತಕ್ಕದ್ದು. ಮೊದಲೆರಡು ಕೊಯ್ಲಿನ ಕಾಯಿಯು ಇದಕ್ಕೆ ತಕ್ಕುದು; ಕೊನೆಯ ಕೊಯ್ಲಿನವು ಸಣ್ಣವೂ ಬಣ್ಣ ಕಡಿಮೆಯಾದವೂ ಆಗಿರುತ್ತವೆ. ಔಷಧ ಸಿಂಪಡಿಸಿದ ಮೇಲೆ ಡಬ್ಬಿಯ ಮೇಲೆ ಬರೆದಷ್ಟು ದಿನ ಕಾಯದೆ ಕೊಯ್ದ ಕಾಯಿಯನ್ನಂತೂ ಮನೆಗೂ ತರಬಾರದು, ಪೇಟೆಗೂ ಒಯ್ಯಬಾರದು.

ಈಚಿನ ವರ್ಷಗಳಲ್ಲಿ ಹಾನಗಲ್ಲ, ಹಿರೇಕೆರೂರು ಕಡೆಗಳಲ್ಲಿ ಗೋವಿನಜೋಳವೂ ಹತ್ತಿಯೂ ಹಬ್ಬಿ ಮೆಣಸಿನಕಾಯಿಯು ಹಿಂದಾಗಿದೆ. ಬ್ಯಾಡಗಿಯ ಪೇಟೆಗೆ ಬರುವ ಕಾಯಿಯಲ್ಲಿಯೂ ಬಳ್ಳಾರಿ, ರಾಯಚೂರು ಮತ್ತು ಆಂಧ್ರದ ಕಡೆಯದೇ ಬಹಳ. ಸುಕ್ಕು ಸುಕ್ಕಾಗಿ ಬ್ಯಾಡಗಿಯನ್ನೇ ಹೋಲುವ ಸಂಕರ ತಳಿಗಳೂ ಅದರಲ್ಲಿ ಸೇರಿರುತ್ತವೆ. ಇಂಥ ಕಡೆಯವರು ಕಾಯಿಯನ್ನು ಕೊಳ್ಳುವುದಾದರೂ ಸರಿಯೆ, ಹಿತ್ತಲಿನಲ್ಲಿಯೋ ಹೊಲದ ಬದುವಿನಲ್ಲಿಯೋ ಮನೆಯ ಸಲುವಾಗಿ ಹತ್ತು ಸಾಲು ಡಬ್ಬಿ ಇಲ್ಲವೆ ಕಡ್ಡಿ ತಳಿಯನ್ನು ಹಚ್ಚಿಕೊಂಡರೆ ಇನ್ನೂ ಒಳಿತು. ಡಬ್ಬಿಕಾಯಿಯು ಗಿಡ್ಡ, ಉಬ್ಬಿದ್ದು, ಬಣ್ಣವೂ ಪರಿಮಳವೂ ಹೆಚ್ಚು; ಕಡ್ಡಿಕಾಯಿಯು ನೀಳ, ತೆಳು, ಬೀಜ ಕಡಿಮೆ. ಎರಡೂ ಅಷ್ಟಾಗಿ ಖಾರವಿಲ್ಲದವು.

ಒಣಗಿಸುವ ಬಗೆ:— ಗಿಡದಿಂದ ಬಿಡಿಸಿದ ಹಣ್ಣುಗಾಯಿಯಲ್ಲಿ ಮುಕ್ಕಾಲು ಪಾಲು ನೀರೇ ಇರುತ್ತದೆ. ಅದು ಶೇಕಡಾ 10 ಇಲ್ಲವೆ 11ಕ್ಕೆ ಇಳಿಯುವ ತನಕ ಕಾಯಿಯು ಒಣಗಿತೆಂದು ಹೇಳಲಾಗದು. ಬಿಡಿಸಿದ ಕಾಯಿಯನ್ನು ನೆರಳಿನಲ್ಲಿ ಒಂದೆರಡು ದಿನ ಗುಡ್ಡೆ ಹಾಕಿದರೆ ಅರೆಗೆಂಪು ಕಾಯಿಗಳೂ ಒಂದೇ ಬಣ್ಣಕ್ಕೆ ತಿರುಗುತ್ತವೆ. ಅನಂತರ ಸಿಮೆಂಟು ಕಟ್ಟೆಯ ಮೇಲೋ ತಾಡಪತ್ರಿಯ ಮೇಲೋ ತೆಳ್ಳಗೆ ಹರವಿ, ದಿನಕ್ಕೆ ನಾಲ್ಕಾರು ಸಲ ಕೈಯಾಡಿಸಬೇಕು. ಬರಿಯ ನೆಲದ ಮೇಲೆ ಹರವಿದರೆ ಬೂಷ್ಟಿನ ಬೀಜವು ಮಣ್ಣಿನೊಡನೆಯೇ ಹತ್ತುತ್ತದೆ. ಪುಷ್ಯ, ಮಾಘದ ಇಬ್ಬನಿಯನ್ನು ಅಲಕ್ಷಿಸುವುದರಿಂದಲೇ ಬಹಳಷ್ಟು ಕಾಯಿಯು ಹಾಳಾಗುತ್ತದೆ. ಸಂಜೆಗೆ ಬಾಚಿ ಒಟ್ಟಿ ಮುಚ್ಚಿ, ಮರುದಿನ ಇಬ್ಬನಿಯು ಆರಿದ ಮೇಲೆಯೇ ಹರವತಕ್ಕದ್ದು. ಹತ್ತು ಹದಿನೈದು ದಿನಗಳ ಬಿಸಿಲಿನಿಂದ ಕಾಯಿಯು ಹದಕ್ಕೆ ಬರುತ್ತದೆ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗಿನ ಬೀಜವು ಗಿಲಿಗಿಲಿ ಎನ್ನಬೇಕು. ಗೊಬ್ಬರದ ಚೀಲ, ಔಷಧದ ಚೀಲಗಳನ್ನು ಬಿಚ್ಚಿ ಹಾಸಿ ಅದರ ಮೇಲೆ ಕಾಯಿ ಒಣಗಿಸುವ ರೂಢಿಯು ಕೆಲವೆಡೆ ಕಂಡುಬರುತ್ತದೆ. ಇದು ಅತ್ಯಂತ ಹೇಯವಾದುದು.

ಪೇಟೆಗೆ ಒಯ್ಯುವ ಮುನ್ನ ಒಣಗಿದ ಕಾಯಿಗೆ ನೀರು ಚಿಮುಕಿಸುವ ಚಾಳಿಯ ಬಗ್ಗೆಯೂ ಎರಡು ಮಾತು ಹೇಳಲೇಬೇಕು. ಕಾಯಿ ಮುರಿಯದಿರಲೆಂದು ಇದನ್ನು ಮಾಡುತ್ತೇವೆಂದು ಹೇಳುವವರಿದ್ದಾರೆ, ತೂಕದ ಆಸೆಯಿಂದ ಮಾಡುವವರೂ ಇದ್ದಾರೆ. ಚೀಲದ ನಡುವೆ ಸಿಕ್ಕಿಕೊಂಡ ಆ ನೀರೇ ವಿಷದ ಬೂಷ್ಟಿಗೆ ಮಳೆಗಾಲ. ಕೊಳ್ಳುವವನು ಚೀಲದೊಳಗೆ ಕೈ ತೂರಿಸಿ ನೋಡುವುದು ಸುಮ್ಮನೆ ಅಲ್ಲ. ಮನೆಗೆ ಕಾಯಿ ಕೊಳ್ಳುವಾಗ ನಮ್ಮವರೂ ಹಾಗೆಯೇ ನೋಡಬೇಕು. ಹಿಡಿಯಲ್ಲಿ ಒತ್ತಿದಾಗ ಮೆತ್ತಗೆ ಮುದುಡಿ ಹಾಗೆಯೇ ಉಳಿದರೆ ಆ ಕಾಯಿಯು ಬೇಡ.

ಬಿಳಿಗಾಯಿಯೆಲ್ಲವೂ ಒಂದೇ ಬಗೆಯದಲ್ಲ. ಬಿಸಿಲಿಗೆ ಬಣ್ಣ ಹಾರಿದ ಕಾಯಿಯನ್ನು ಸೀಳಿದರೆ ಒಳಗೆ ಚೊಕ್ಕಟವಾಗಿರುತ್ತದೆ. ಹಣ್ಣುಕೊಳೆ ರೋಗದ ಕಾಯಿಯ ಮೇಲೆ ಕರಿಯ ಚುಕ್ಕೆಗಳ ಮಚ್ಚೆಯಿರುತ್ತದೆ. ಬೂಷ್ಟು ಹಿಡಿದುದರ ಒಳಗೆ ಹಸಿರು, ಬೂದಿ ಇಲ್ಲವೆ ಕರಿಬಣ್ಣದ ಧೂಳು ಬೀಜಕ್ಕೆ ಅಂಟಿಕೊಂಡಿರುತ್ತದೆ. ಮೊದಲನೆಯದರಲ್ಲಿ ನಷ್ಟವಾದುದು ಬಣ್ಣ ಮಾತ್ರ. ಮಿಕ್ಕೆರಡನ್ನು ಉಣ್ಣುವ ಪದಾರ್ಥಕ್ಕೆ ಸೇರಿಸಲೇಕೂಡದು. ಹತ್ತು ಕಿಲೋ ಕಾಯಿಯ ತೊಟ್ಟು ಬಿಡಿಸುವಾಗ ಅನುಮಾನ ಬಂದ ಒಂದೊಂದನ್ನೂ ಸೀಳಿ ನೋಡುವುದು ಒಂದು ಮಧ್ಯಾಹ್ನದ ಕೆಲಸ.

ಬಣ್ಣ, ಖಾರಗಳ ಮರ್ಮ:— ಕಾಯಿಯ ಕೆಂಪು ಬಣ್ಣವು ಸಿಪ್ಪೆಯಲ್ಲಿದೆ. ಅದು ಎಣ್ಣೆಯಲ್ಲಿ ಕರಗುತ್ತದೆ, ನೀರಿನಲ್ಲಿ ಕರಗುವುದಿಲ್ಲ. ಆದುದರಿಂದಲೇ ಒಗ್ಗರಣೆಗೆ ಹಾಕಿದ ಖಾರವು ಸಾರಿನ ಮೇಲೆ ಕೆಂಪಾಗಿ ತೇಲುತ್ತದೆ, ಕುದಿಯುವ ನೀರಿಗೆ ಹಾಗೆಯೇ ಹಾಕಿದುದು ಮಂಕಾಗುತ್ತದೆ. ಖಾರದ ಸತ್ವವು ಬೀಜದಲ್ಲಿದೆಯೆಂದು ಜನರು ತಿಳಿದಿದ್ದಾರೆ. ನಿಜವಾಗಿ ಅದು ಬೀಜವು ಅಂಟಿಕೊಂಡಿರುವ ಒಳಗಿನ ಬಿಳಿಯ ತಿರುಳಿನಲ್ಲಿ ಹುಟ್ಟುತ್ತದೆ. ಬೀಜಕ್ಕೆ ಸವರಿದಷ್ಟೇ ಅಂಟಿರುತ್ತದೆ. ಬ್ಯಾಡಗಿಯಲ್ಲಿ ಬಣ್ಣ ಬಹಳ, ಖಾರ ಕಡಿಮೆಯಾದುದರಿಂದ ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಕಾಯಿಯನ್ನು ಸೇರಿಸುವ ಪದ್ಧತಿಯು ಸರಿಯಾದುದು. ಮಕ್ಕಳಿರುವ ಮನೆಯಲ್ಲಿ ಆರಕ್ಕೆ ಒಂದು ಸಾಕು. ಮೆಣಸಿನಕಾಯಿಯೇ ನಮ್ಮ ದೇಶದ ಮೂಲದ್ದಲ್ಲ. ಅಮೇರಿಕದ ಆ ಗಿಡವು ಪೋರ್ಚುಗೀಸರ ಹಡಗಿನಿಂದ ಇಲ್ಲಿಗೆ ಬಂದುದು. ಅದಕ್ಕೂ ಮೊದಲು ನಮ್ಮ ಅಡಿಗೆಯ ಖಾರಕ್ಕೆ ಒಳ್ಳೆಮೆಣಸೇ ಆಧಾರವಾಗಿತ್ತು. ಹಾನಗಲ್ಲ ತಾಲೂಕಿನವರಿಗೆ ಶಿರಸಿಯ ಘಟ್ಟದ ಮೆಣಸು ಕೈಗೆಟುಕುವಷ್ಟು ಸಮೀಪವಿರುವಾಗ ಅವರು ಅದನ್ನು ಮರೆಯುವುದು ಸರಿಯಲ್ಲ.

ಮಸಾಲೆಖಾರ:— ಮುಕ್ಕಾಲು ಕಿಲೋ ಬ್ಯಾಡಗಿ ಮತ್ತು ಕಾಲು ಕಿಲೋ ಗುಂಟೂರು ಕಾಯಿಗೆ ಹವೀಜ 300 ಗ್ರಾಂ, ಒಣಕೊಬ್ಬರಿ 200 ಗ್ರಾಂ, ಜೀರಿಗೆ 50, ಎಳ್ಳು 50, ಗಸಗಸೆ 25, ಮೆಂತ್ಯ 20, ಸಾಸಿವೆ 20, ಒಳ್ಳೆಮೆಣಸು 25, ದಾಲ್ಚಿನ್ನಿ 15, ಲವಂಗ 10, ಏಲಕ್ಕಿ 10, ಕಲ್ಲುಹೂವು 15, ಅರಿಷಿಣ 40, ಇಂಗು 10 ಗ್ರಾಂ ಎಂಬುದು ಮಧ್ಯಮ ರುಚಿಯ ಪ್ರಮಾಣ. ಉಪ್ಪು 150 ಗ್ರಾಂ. ಪ್ರತಿ ಮನೆಯಲ್ಲಿಯೂ ಇದರಲ್ಲಿ ಹೆಚ್ಚುಕಡಿಮೆ ಇರುವುದು ಸಹಜವೇ. ಅತ್ತೆಯ ಮನೆಯ ಲೆಕ್ಕಕ್ಕೂ ತವರಿನ ಲೆಕ್ಕಕ್ಕೂ ಕೂಡಿಬರುವುದು ಅಪರೂಪ. ಆದರೆ ಮೆಂತ್ಯ, ಲವಂಗಗಳನ್ನು ಮಾತ್ರ ಏರಿಸಬಾರದು. ಒಂದು ಕಹಿ ಮಾಡುತ್ತದೆ, ಇನ್ನೊಂದು ಬೇರೆ ಎಲ್ಲ ವಾಸನೆಯನ್ನೂ ನುಂಗುತ್ತದೆ. ಏಲಕ್ಕಿಯ ಮಾತಿಗೆ, ಘಟ್ಟದ ಏಲಕ್ಕಿಯನ್ನು ತೊಳೆದು ಬಿಳುಪುಮಾಡುವ ಕಸಬಿಗೆ ಹಾವೇರಿಯು ಹಿಂದಿನಿಂದಲೂ ಹೆಸರಾದ ಊರು. ಅಡಿಗೆಗಾದರೋ ಬಿಳುಪಿನದಕ್ಕಿಂತ ಹಸಿರು ಸಿಪ್ಪೆಯ ಏಲಕ್ಕಿಯೇ ಮೇಲು.

ಒಂದೊಂದು ಜಿನಸನ್ನೂ ಬೇರೆ ಬೇರೆಯಾಗಿ ಹುರಿಯುವುದು ಮುಖ್ಯ. ಒಟ್ಟಿಗೆ ಹಾಕಿದರೆ ಹವೀಜವು ಹದಕ್ಕೆ ಬರುವಷ್ಟರಲ್ಲಿ ಜೀರಿಗೆಯು ಕರಿಯಾಗಿರುತ್ತದೆ. ಉರಿಯು ಸಣ್ಣದಿರಬೇಕು, ವಾಸನೆಯೆದ್ದ ಕ್ಷಣವೇ ಇಳಿಸಬೇಕು. ಕಾಯಿಯನ್ನು ಹುರಿಯುವುದಕ್ಕಿಂತ ಎರಡು ದಿನ ಮತ್ತೆ ಬಿಸಿಲಿಗೆ ಹಾಕಿ ಗರಿಗರಿಯಾಗಿಸುವುದು ಲೇಸು. ಹುರಿಯಲೇಬೇಕಾದರೆ ಸ್ವಲ್ಪ ಎಣ್ಣೆ ಸವರಿ ಬೆಚ್ಚಗೆ ಮಾಡಿದರೆ ಸಾಕು, ಕಪ್ಪಾಗಗೊಡಬಾರದು.

ನಮ್ಮ ಕಡೆಯ ಮಸಾಲೆಖಾರಕ್ಕೆ ಉಳ್ಳಾಗಡ್ಡಿ, ಬೆಳ್ಳುಳ್ಳಿಗಳು ಜೀವವೆಂದು ಹೇಳಬಹುದು. ಈ ಪ್ರಮಾಣಕ್ಕೆ ಅರ್ಧ ಕಿಲೋ ಉಳ್ಳಾಗಡ್ಡಿ, 200 ಗ್ರಾಂ ಬೆಳ್ಳುಳ್ಳಿ ಬೇಕು. ಖಾರವು ಕೆಡುವುದು ಬಹುಶಃ ಇಲ್ಲಿಯೇ. ಉಳ್ಳಾಗಡ್ಡಿಯಲ್ಲಿ ನೀರು ತುಂಬಿರುವುದರಿಂದ, ಅರೆಬರೆ ಹುರಿದು ಕುಟ್ಟಿದರೆ ಹದಿನೈದು ದಿನಗಳಲ್ಲಿ ಡಬ್ಬಿಯ ಮೇಲ್ಭಾಗವು ಗಂಟು ಕಟ್ಟಿ ಬೂಷ್ಟು ಬರುತ್ತದೆ. ತೆಳ್ಳಗೆ ಹೆಚ್ಚಿ ಎರಡು ಮೂರು ಬಿಸಿಲು ಒಣಗಿಸಿ, ಬಳಿಕ ಎಣ್ಣೆಯಲ್ಲಿ ಕೆಂಪಗೆ ಗರಿಯಾಗುವಂತೆ ಕರಿದು ಸೇರಿಸಬೇಕು. ಇಲ್ಲವೆ ಮತ್ತೊಂದು ಸುಲಭವಾದ ಉಪಾಯವುಂಟು. ಒಣ ಜಿನಸುಗಳ ಖಾರವನ್ನು ವರ್ಷಕ್ಕಾಗುವಷ್ಟು ಬೇರೆಯೇ ಕುಟ್ಟಿಟ್ಟು, ಉಳ್ಳಾಗಡ್ಡಿ ಬೆಳ್ಳುಳ್ಳಿ ಬೆರೆಸಿದುದನ್ನು ತಿಂಗಳಿಗೊಮ್ಮೆ ಬೇಕಾದಷ್ಟು ಮಾಡಿಕೊಳ್ಳುವುದು. ಹಾನಗಲ್ಲ ತಾಲೂಕಿನಲ್ಲಿಯೂ ಶಿಗ್ಗಾಂವಿಯ ಪಡುವಣ ಅಂಚಿನಲ್ಲಿಯೂ ಮಲೆನಾಡಿನ ಮಳೆಯ ಸೆರಗು ಬೀಳುವುದರಿಂದ ಆಷಾಢ ಶ್ರಾವಣಗಳಲ್ಲಿ ಗೋಡೆಯೂ ಬೆವರುತ್ತದೆ. ಅಂಥ ಊರುಗಳವರಿಗೆ ಈ ಎರಡನೆಯ ಕ್ರಮವೇ ಸರಿ. ಸವಣೂರಿನ ಮೂಡಣ ಎರೆಭೂಮಿಯ ಒಣಹವೆಯಲ್ಲಿ ಮೊದಲನೆಯದೂ ನಡೆದೀತು.

ಕುಟ್ಟುವ ವಿಷಯ. ಒರಳು ಒನಕೆಗಳಲ್ಲಿ ಕುಟ್ಟುವ ಬಲವೂ ಬಿಡುವೂ ಈಗ ಎಲ್ಲರಿಗೂ ಇಲ್ಲ. ಖಾರ ಕುಟ್ಟುವ ಗಿರಣಿಗಳು ಹೋಬಳಿಯ ಊರುಗಳಲ್ಲೆಲ್ಲ ಆಗಿವೆ. ಒನಕೆಯಂತೆ ಏರಿ ಇಳಿದು ಕುಟ್ಟುವ ಗಿರಣಿಯು ವೇಗವಾಗಿ ತಿರುಗಿ ಬೀಸುವ ಗಿರಣಿಗಿಂತ ಉತ್ತಮ. ಬೀಸುವಾಗ ಪುಡಿಯು ಕೈಸುಡುವಷ್ಟು ಕಾಯುತ್ತದೆ, ಆ ಕಾವಿನಲ್ಲಿ ಸಂಬಾರಗಳ ಸುವಾಸನೆಯ ಎಣ್ಣೆಯು ಹಾರಿಹೋಗುತ್ತದೆ. ಗಿರಣಿಯ ಓಣಿಯಲ್ಲೆಲ್ಲ ಘಮಘಮಿಸಿದರೆ ಅಷ್ಟು ಪರಿಮಳವು ಮನೆಗೆ ಬರಲಿಲ್ಲವೆಂದೇ ತಿಳಿಯಬೇಕು. ತಂದ ಪುಡಿಯನ್ನು ಬಿಸಿಯಿರುವಾಗಲೇ ಡಬ್ಬಿಗೆ ತುಂಬಿ ಮುಚ್ಚಬಾರದು. ಒಳಗೆ ಹನಿ ಕಟ್ಟುತ್ತದೆ. ನೆರಳಿನಲ್ಲಿ ಹರವಿ ಪೂರ್ಣ ಆರಿದ ಮೇಲೆ ಒಣ ಭರಣಿಗೆ ಒತ್ತಿ ತುಂಬಿ, ಇಂಗಿನ ತುಂಡನ್ನು ಇಟ್ಟು, ಬೆಳಕು ಬೀಳದ ಕಡೆ ಇರಿಸಬೇಕು. ಬೆಳಕು ಬಣ್ಣವನ್ನು ತಿನ್ನುತ್ತದೆ. ನಿತ್ಯಕ್ಕೆ ಬೇಕಾದಷ್ಟನ್ನು ಸಣ್ಣ ಡಬ್ಬಿಗೆ ತೆಗೆದುಕೊಂಡು ದೊಡ್ಡ ಭರಣಿಯನ್ನು ತಿಂಗಳಿಗೊಮ್ಮೆ ಮಾತ್ರ ತೆರೆಯುವುದು ಜಾಣತನ. ಒದ್ದೆ ಚಮಚವೊಂದು ವರ್ಷದ ಖಾರವನ್ನು ಕೆಡಿಸಬಲ್ಲದು.

ಚಟ್ನಿಪುಡಿಗಳು:— ಗುರೆಳ್ಳು, ಅಗಸಿ, ಶೇಂಗಾ, ಪುಟಾಣಿ ಇವುಗಳ ಪುಡಿಗಳಿಲ್ಲದೆ ಜೋಳದ ರೊಟ್ಟಿಯ ಊಟವು ಈ ಸೀಮೆಯಲ್ಲಿ ಪೂರ್ತಿಯಾಗುವುದಿಲ್ಲ. ಪಲ್ಲೆಗೆ ಗತಿಯಿಲ್ಲದ ದಿನ ಬಡವನ ಬುತ್ತಿಗೆ ಇವೇ ಆಧಾರ. ಜೋಳದಲ್ಲಿ ಕಡಿಮೆಯಿರುವ ಸಸಾರಜನಕವನ್ನೂ ಒಳ್ಳೆಯ ಎಣ್ಣೆಯನ್ನೂ ಇವು ಒದಗಿಸುತ್ತವೆ.

ಅಗಸಿಯು ಹಿಂಗಾರಿಯ ಎರೆಹೊಲಗಳಲ್ಲಿ ಕುಸುಬಿ, ಗೋದಿಗಳ ನಡುವೆ ಅಕ್ಕಡಿಯಾಗಿ ಬರುತ್ತಿದ್ದ ಬೆಳೆ. ಈಗ ಬಹಳ ಕಡಿಮೆಯಾಗಿದೆ. ಪೇಟೆಯಲ್ಲಿ ವೈದ್ಯರ ಮಾತು ಕೇಳಿ ಪಟ್ಟಣದ ಜನರು ಇದನ್ನು ಹುಡುಕಿ ಕೊಳ್ಳತೊಡಗಿದ್ದಾರೆ, ಏಕೆಂದರೆ ಮೀನಿನ ಎಣ್ಣೆಯ ಗುಣಕ್ಕೆ ಹತ್ತಿರವಾದ ಒಮೆಗಾ-3 ಎಂಬ ಕೊಬ್ಬು ಸಸ್ಯಗಳಲ್ಲಿ ಇಷ್ಟು ವಿಪುಲವಾಗಿ ಸಿಗುವುದು ಅಪರೂಪ. ಬೀಜವನ್ನು ಇಡಿಯಾಗಿ ನುಂಗಿದರೆ ನುಣುಪು ಸಿಪ್ಪೆಯಿಂದಾಗಿ ಹಾಗೆಯೇ ಹೊರಗೆ ಹೋಗುತ್ತದೆ. ಹಸಿಯಾಗಿ ಹೆಚ್ಚು ತಿನ್ನುವುದೂ ಒಳ್ಳೆಯದಲ್ಲ. ಹಸಿ ಅಗಸಿಯಲ್ಲಿ ಸ್ವಲ್ಪ ವಿಷಾಂಶವನ್ನು ಹುಟ್ಟಿಸುವ ವಸ್ತುವಿದ್ದು ಅದು ಹುರಿದರೆ ತಗ್ಗುತ್ತದೆ. ಹುರಿದು ಕುಟ್ಟಿ ಪುಡಿಮಾಡುವ ನಮ್ಮ ಅಜ್ಜಿಯರ ಕ್ರಮವು ಈ ಎರಡೂ ದೋಷಗಳಿಗೆ ಪರಿಹಾರವಾಗಿದೆ. ಕಾಲು ಕಿಲೋ ಅಗಸಿಯನ್ನು ಚಟಚಟ ಸಿಡಿಯುವ ತನಕ ಹುರಿದು ಆರಿಸಿ, 30 ಗ್ರಾಂ ಖಾರ, ಒಂದು ಗಡ್ಡೆ ಬೆಳ್ಳುಳ್ಳಿ, ಒಂದು ಚಮಚ ಜೀರಿಗೆ, ಅಡಿಕೆಯಷ್ಟು ಹುಣಸೆ, ಅಷ್ಟೇ ಬೆಲ್ಲ, 15 ಗ್ರಾಂ ಉಪ್ಪು ಕೂಡಿಸಿ ಕುಟ್ಟಬೇಕು. ಆದರೆ ಇದರ ಎಣ್ಣೆಯು ಗಾಳಿಗೆ ಬೇಗ ಕಮಟಾಗುತ್ತದೆ. ಹದಿನೈದು ದಿನಕ್ಕಾಗುವಷ್ಟನ್ನು ಮಾತ್ರ ಮಾಡುವುದು ಲೇಸು.

ಗುರೆಳ್ಳಿನದೂ ಇದೇ ಪ್ರಮಾಣ. ಅದರಲ್ಲಿ ಮರಳು ಸೇರಿರುವುದು ಹೆಚ್ಚಾದುದರಿಂದ ನೀರಿನಲ್ಲಿ ಜಾಲಾಡಿ ಒಣಗಿಸಿಕೊಂಡು ಹುರಿಯಬೇಕು. ಈ ಬೆಳೆಯು ಹಿಂದೂಸ್ಥಾನ ಮತ್ತು ಇಥಿಯೋಪಿಯ ದೇಶಗಳಲ್ಲಿಯೇ ವಿಶೇಷ. ದನಗಳು ಇದನ್ನು ಅಷ್ಟಾಗಿ ಮುಟ್ಟದಿರುವುದರಿಂದ ಹೊಲದ ಅಂಚಿಗೆ ಎರಡು ಸಾಲು ಬಿತ್ತಿದರೆ ಬೇಲಿಯೂ ಆಯಿತು, ವರ್ಷದ ಚಟ್ನಿಗೂ ಆಯಿತು. ಹಳದಿ ಹೂವಿಗೆ ಜೇನ್ನೊಣಗಳು ಮುತ್ತುವುದರಿಂದ ಅಕ್ಕಪಕ್ಕದ ಬೆಳೆಗಳಿಗೂ ಪ್ರಯೋಜನವೇ.

ಶೇಂಗಾದ ವಿಷಯದಲ್ಲಿ ಮೇಲೆ ಹೇಳಿದ ಎಚ್ಚರಿಕೆಯನ್ನು ಮತ್ತೆ ಹೇಳುವುದು ಅವಶ್ಯವು. ಚುಳ್ಳು, ಸುಕ್ಕು, ಒಡಕು, ಬಣ್ಣ ಮಾಸಿದ ಮತ್ತು ಹುಳುಕು ಬೀಜಗಳಲ್ಲಿಯೇ ಅಫ್ಲಾಟಾಕ್ಸಿನ್ ಮುಖ್ಯವಾಗಿ ಕೂಡಿಕೊಂಡಿರುತ್ತದೆ. ಆರಿಸಿ ತೆಗೆದರೆ ಬಹುಪಾಲು ವಿಷವು ಹೊರಗಾದಂತೆಯೇ. ಕಹಿಯಾದ ಒಂದು ಬೀಜವು ಬಾಯಿಗೆ ಬಂದರೆ ಉಗುಳಿಬಿಡಬೇಕೆಂದು ಮಕ್ಕಳಿಗೆ ಕಲಿಸತಕ್ಕದ್ದು. ಅರ್ಧ ಕಿಲೋ ದಪ್ಪ ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ತೆಗೆದು, 40 ಗ್ರಾಂ ಖಾರ, ಎರಡು ಗಡ್ಡೆ ಬೆಳ್ಳುಳ್ಳಿ, ಜೀರಿಗೆ, 25 ಗ್ರಾಂ ಉಪ್ಪಿನೊಡನೆ ಒರಳಿನಲ್ಲಿ ಎಣ್ಣೆ ಬಿಡುವ ತನಕ ಕುಟ್ಟಿದರೆ, ಸಕ್ಕರೆ ಬೆರೆಸಿದ ಅಂಗಡಿಯ ಪುಡಿಯನ್ನು ಯಾರೂ ಕೇಳಲಾರರು.

ಪುಟಾಣಿ ಚಟ್ನಿಪುಡಿಯನ್ನು ಎಲ್ಲರೂ ಬಲ್ಲರು. ಕರಿಬೇವನ್ನು ನೆರಳಿನಲ್ಲಿ ಒಣಗಿಸಿ ಹೆಚ್ಚಾಗಿ ಸೇರಿಸಬೇಕೆಂಬುದಷ್ಟೇ ಸೂಚನೆ.

ಹಸಿ ತಪ್ಪಲಿನ ಪಚಡಿಗೆ:— ಈ ಪುಡಿಗಳ ಇನ್ನೊಂದು ಉತ್ತಮ ಉಪಯೋಗವು ಹಸಿ ತಪ್ಪಲು, ಕಾಯಿಗಳಿಗೆ ಬೆರೆಸುವುದು. ಪಶ್ಚಿಮದವರು ಹಸಿ ಸೊಪ್ಪಿಗೆ ಎಣ್ಣೆ ಮತ್ತು ಹುಳಿಯನ್ನು ಕಲಸಿ ಉಣ್ಣುವುದನ್ನು ಹೊಸದೊಂದು ವಿದ್ಯೆಯೆಂಬಂತೆ ಈಗ ಪಟ್ಟಣಗಳಲ್ಲಿ ಹೇಳುತ್ತಾರೆ. ಮೆಂತ್ಯದ ಎಳೆ ತಪ್ಪಲನ್ನು ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸವತೆಕಾಯಿ ಕೂಡಿಸಿ, ಎರಡು ಚಮಚ ಶೇಂಗಾ ಪುಡಿ, ಒಂದು ಚಮಚ ಗುರೆಳ್ಳು ಪುಡಿ, ಅರ್ಧ ಲಿಂಬೆಯ ರಸ, ಉಪ್ಪು ಮತ್ತು ಎರಡು ಚಮಚ ಗಾಣದ ಎಣ್ಣೆ ಹಾಕಿ ಕಲಸಿದ ಪಚಡಿಯು ನಮ್ಮ ಹೊಲಗಳ ಬುತ್ತಿಯಲ್ಲಿ ಮೊದಲಿನಿಂದಲೂ ಉಂಟು. ಹಸಿಯಾಗಿ ತಿನ್ನುವುದರಿಂದ ಬೇಯಿಸಿದಾಗ ನಾಶವಾಗುವ ಸಿ ಜೀವಸತ್ವವು ಉಳಿಯುತ್ತದೆ. ಲಿಂಬೆಯ ಹುಳಿಯು ತಪ್ಪಲಿನ ಕಬ್ಬಿಣಾಂಶವು ಮೈಗೆ ಹತ್ತಲು ನೆರವಾಗುತ್ತದೆ. ಹಸಿರು ತಪ್ಪಲಿನಿಂದ ಎ ಜೀವಸತ್ವವು ದೊರೆಯಬೇಕಾದರೆ ಜೊತೆಗೆ ಎಣ್ಣೆಯಿರಲೇಬೇಕು. ಬಸುರಿ ಬಾಣಂತಿಯರಿಗೂ ರಕ್ತ ಕಡಿಮೆಯಾದವರಿಗೂ ಇದು ಹಿತವಾದುದು. ಉಪ್ಪು ಬಿದ್ದ ಕೂಡಲೇ ತಪ್ಪಲು ನೀರು ಬಿಡುವುದರಿಂದ ಕಲಸುವುದು ಎಲೆ ಹಾಕಿದ ಮೇಲೆಯೇ. ಲಿಂಬೆಯಿಲ್ಲದಿದ್ದರೆ ಹಾನಗಲ್ಲದ ಮಾವಿನ ತೋಪುಗಳವರು ಮಾವಿನಕಾಯಿಯ ತುರಿಯನ್ನೂ, ಉಳಿದವರು ಹುಣಸೆಯನ್ನೂ ಬಳಸಬಹುದು. ಸವಣೂರಿನ ದೊಡ್ಡಹುಣಸೆ ಮಠದ ಆ ಭಾರಿ ಮರಗಳನ್ನು ಮಾತ್ರ ಹುಣಸೆಯೆಂದು ನಂಬಿ ಹೋಗಬಾರದು. ಅವು ಆಫ್ರಿಕ ಖಂಡದ ಬಾವೋಬಾಬ್ ಎಂಬ ಜಾತಿಯವು, ಹೆಸರಷ್ಟೇ ಹುಣಸೆ. ತಪ್ಪಲನ್ನು ಮೂರು ಸಲ ಶುದ್ಧ ನೀರಿನಲ್ಲಿ ತೊಳೆಯದೆ, ಚರಂಡಿಯ ನೀರು ಹಾಯುವ ಹಿತ್ತಲಿನಿಂದ ತಂದು ಹಸಿ ತಿನ್ನುವುದು ಕೂಡದು.

ಮಾರ್ಗಶಿರ ಪುಷ್ಯಗಳಲ್ಲಿ ಹಣ್ಣುಗಾಯಿ ಸಿಗುವಾಗ ಮಾಡುವ ಕೆಂಪುಖಾರದ ಹಿಂಡಿಯೂ ಈ ಜಾತಿಯದೇ. ಒಂದು ಕಿಲೋ ಹಣ್ಣುಗಾಯಿಯನ್ನು ತೊಳೆದು, ಒರಸಿ, ನೀರಿನ ಪಸೆಯಾರಿದ ಮೇಲೆ ತೊಟ್ಟು ತೆಗೆದು, 180 ಗ್ರಾಂ ಉಪ್ಪು, 100 ಗ್ರಾಂ ಬೆಳ್ಳುಳ್ಳಿ, 10 ಗ್ರಾಂ ಹುರಿದ ಮೆಂತ್ಯ, ಹತ್ತು ಹನ್ನೆರಡು ಲಿಂಬೆಯ ರಸ ಹಾಕಿ ರುಬ್ಬಿ ಪಿಂಗಾಣಿ ಭರಣಿಯಲ್ಲಿ ತುಂಬಬೇಕು. ಉಪ್ಪು, ಹುಳಿಗಳನ್ನು ಉಳಿಸಲು ಹೋದರೆ ಹಿಂಡಿಯು ಉಳಿಯದು. ತಾಮ್ರ, ಹಿತ್ತಾಳೆ, ಅಲ್ಯುಮಿನಿಯಂ ಪಾತ್ರೆಗಳಲ್ಲಿ ಇಡಲಾಗದು.

ಕೊಂಡು ತಂದ ಪುಡಿಗಳು:— ಮನೆಯಲ್ಲಿ ಮಾಡಲಾಗದವರು ಅಂಗಡಿಯ ಪುಡಿಯನ್ನು ಕೊಳ್ಳುವಾಗ ಮೋಸಕ್ಕೆ ಒಳಗಾಗಬಾರದು. ಒಂದು ಚಮಚ ಖಾರವನ್ನು ಗಾಜಿನ ಲೋಟದ ನೀರಿನ ಮೇಲೆ ಉದುರಿಸಿದಾಗ ಬಣ್ಣವು ದಾರದಂತೆ ಎಳೆಯೆಳೆಯಾಗಿ ಇಳಿದರೆ ಕೃತಕ ಬಣ್ಣವಿದೆಯೆಂದೂ, ತಳದಲ್ಲಿ ಕುಳಿತುದನ್ನು ಬೆರಳಿನಿಂದ ಉಜ್ಜಿದಾಗ ಕರಕರವೆಂದರೆ ಇಟ್ಟಿಗೆಯ ಪುಡಿಯಿದೆಯೆಂದೂ ತಿಳಿಯಬಹುದು. ಆದರೆ ಸುಡಾನ್ ಎಂಬ ಬಣ್ಣವು ಎಣ್ಣೆಯಲ್ಲಿ ಕರಗತಕ್ಕದ್ದಾದುದರಿಂದ ಈ ಪರೀಕ್ಷೆಗೆ ಸಿಕ್ಕುವುದಿಲ್ಲ. 2003ರಲ್ಲಿ ಹಿಂದೂಸ್ಥಾನದಿಂದ ಹೋದ ಖಾರದ ಪುಡಿಯಲ್ಲಿ ಇದು ಫ್ರಾನ್ಸಿನಲ್ಲಿ ಪತ್ತೆಯಾಯಿತು. 2005ರಲ್ಲಿ ಬ್ರಿಟನ್ನಿನವರು ಇದೇ ಕಾರಣಕ್ಕೆ ನೂರಾರು ಬಗೆಯ ತಿನಿಸುಗಳನ್ನು ಪೇಟೆಯಿಂದ ಹಿಂದಕ್ಕೆ ತೆಗೆಯಬೇಕಾಯಿತು. ಅರಿಷಿಣದ ಪುಡಿಗೆ ಹೊಳಪು ಬರಲೆಂದು ಸೀಸ ಬೆರೆತ ಹಳದಿ ಬಣ್ಣವನ್ನು ಹಾಕುವವರಿದ್ದಾರೆ. ಸೀಸವು ಮಕ್ಕಳ ಮೆದುಳಿಗೆ ಕೇಡು. ಆದಕಾರಣ ಅರಿಷಿಣದ ಕೊಂಬನ್ನೇ ತಂದು ಕುಟ್ಟಿಸುವುದು ಅತ್ಯಂತ ಸುರಕ್ಷಿತವಾದ ಮಾರ್ಗ. ಕೊಂಬಿಗೂ ಹೊಳೆಹೊಳೆಯುವ ಹಳದಿ ಧೂಳು ಮೆತ್ತಿದ್ದರೆ ಅದನ್ನು ಬಿಡಬೇಕು. ಹಳ್ಳಿಯ ಸ್ತ್ರೀಸಂಘಗಳು ಖಾರ, ಚಟ್ನಿಪುಡಿಗಳನ್ನು ಮಾಡಿ ಮಾರುತ್ತಿರುವುದು ಸಂತೋಷದ ಸಂಗತಿ. 2006ರ ಆಹಾರ ಸುರಕ್ಷತೆಯ ಕಾಯಿದೆಯಂತೆ ಅವರು ನೋಂದಣಿ ಮಾಡಿಸಿಕೊಳ್ಳಬೇಕಾಗುತ್ತದೆ. ಊರ ಹಿರಿಯರು ಇದಕ್ಕೆ ನೆರವಾಗುವುದಲ್ಲದೆ, ಸಂಘಕ್ಕೆ ಕಾಯಿ ಕೊಡುವಾಗ ಪೇಟೆಗೆ ಕೊಡುವಂಥದನ್ನೇ ಕೊಡಲಿ.

ಆರಿಸಿ ತೆಗೆದ ಕೆಟ್ಟ ಕಾಯಿ, ಚುಳ್ಳು ಬೀಜಗಳನ್ನು ಏನು ಮಾಡಬೇಕೆಂಬುದೊಂದು ಉಳಿಯಿತು. ಕೂಲಿಯಾಳುಗಳಿಗೆ ದಾನವೆಂಬಂತೆ ಕೊಡುವ ರೂಢಿಯಿದ್ದರೆ ಅದನ್ನು ಬಿಡತಕ್ಕದ್ದು. ಒಡೆಯನ ಮಕ್ಕಳಿಗೆ ಆಗದುದು ಆಳಿನ ಮಕ್ಕಳಿಗೂ ಆಗದು. ಅಗ್ಗದ ಬೆಲೆಗೆ ಪುಡಿ ಮಾಡುವವರಿಗೆ ಮಾರಿದರೆ ಬೇರೆ ಹೆಸರಿನಿಂದ ತಿರುಗಿ ಅದೇ ಮನೆಗೆ ಬಂದೀತು. ಬೂಷ್ಟು ಹಿಡಿದ ಶೇಂಗಾವನ್ನು ಗಾಣಕ್ಕೆ ಹಾಕಿಸಿದರೆ ವಿಷದ ಬಹುಭಾಗವು ಹಿಂಡಿಯಲ್ಲಿ ನಿಂತು, ಆ ಹಿಂಡಿಯನ್ನು ತಿಂದ ಎಮ್ಮೆ ಆಕಳುಗಳ ಹಾಲಿನಲ್ಲಿ ಇನ್ನೊಂದು ರೂಪದಿಂದ ಇಳಿಯುತ್ತದೆ, ಕೋಳಿಗಳಿಗಂತೂ ಹಾಕಲೇಕೂಡದು. ಮೂಗು ಬಾಯಿಗಳಿಗೆ ಬಟ್ಟೆ ಕಟ್ಟಿಕೊಂಡು ಅದನ್ನೆಲ್ಲ ಕೂಡಿಸಿ, ಕಣದಿಂದಲೂ ಬಾವಿಯಿಂದಲೂ ದೂರವಿರುವ ಗುಂಡಿಯಲ್ಲಿ ಹಾಕಿ ಮೇಲೆ ಒಂದು ಮೊಳ ಮಣ್ಣು ಮುಚ್ಚಬೇಕು.